ಅಲೆ ಹಾಕುವ ಕೆಲಸ

ತೊಟ್ಟಿಯೊಳಗೆ ಅಲೆ ಎಬ್ಬಿಸುವ ಪಂಪಿನ ಡಬ್ಬದ ಮೇಲೆ ‘ಗಂಟೆಗೆ 4,000 ಲೀಟರ್’ ಎಂದು ಅಚ್ಚಾಗಿತ್ತು. ಪಂಪ್ ನನ್ನ ಮುಷ್ಟಿಗಿಂತ ಚಿಕ್ಕದು. ಅಂಗಡಿಯವನು ವ್ಯಾಟು, ಮ್ಯಾಗ್ನೆಟ್ಟು, ವಾರಂಟಿ ಅಂತ ಹೇಳುತ್ತಲೇ ಇದ್ದ. ನನ್ನ ತಲೆ ಆಗಲೇ ಲಂಡನ್ನಿನ ಒಬ್ಬ ಕೆಲಸದ ಹುಡುಗಿಯ ಹತ್ತಿರ ಹೋಗಿಬಿಟ್ಟಿತ್ತು. 1840ರ ದಶಕದವಳು. ಈ ಪಂಪ್ ಮಾಡುವ ಕೆಲಸವನ್ನು ಅವಳು ಬರಿಗೈಯಲ್ಲಿ ಮಾಡುತ್ತಿದ್ದಳು.

ಅವಳ ಯಜಮಾನಿ ಆನಾ ಥಿನ್. ಗಂಡ ಲಾರ್ಡ್ ಜಾನ್ ಥಿನ್ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಬ್‌ಡೀನ್. ಇಂಗ್ಲೆಂಡಿನ ಅರಸರಿಗೆ ಕಿರೀಟ ತೊಡಿಸುವ ಆ ಇಗರ್ಜಿಯ ಮಗ್ಗುಲಲ್ಲೇ ಮನೆ. 1846ರಲ್ಲಿ ಟಾರ್ಕಿ ಕಡಲತೀರಕ್ಕೆ ಹೋದಾಗ ಬಂಡೆಗಂಟಿದ ಕಲ್ಲುಹವಳಗಳನ್ನು ಕಂಡು ಆಕೆ ಮರುಳಾದರು. ನೋಡಿ ಸಂತೋಷಪಟ್ಟು ಬರುವ ಜಾಯಮಾನ ಅಲ್ಲ. ಸೂಜಿ ದಾರ ತೆಗೆದುಕೊಂಡು ಹವಳಗಳನ್ನು ಒಂದು ಸ್ಪಂಜಿಗೆ ಹೊಲಿದು, ಕಲ್ಲಿನ ಜಾಡಿಯಲ್ಲಿಟ್ಟು, ಲಂಡನ್ನಿಗೆ ತಂದರು. ತಂದ ಮೇಲೆ ಸಮುದ್ರದ ನೀರೂ ತರಿಸಬೇಕಾಯಿತು. ಅದು ಸಾಲದೆ ಬಂದಾಗ ಹಳೆಯ ನೀರಿಗೇ ಜೀವ ಕೊಡುವ ಉಪಾಯ ಹೂಡಿದರು: ತೆರೆದ ಕಿಟಕಿಯ ಮುಂದೆ ನಿಂತು, ಒಂದು ಪಾತ್ರೆಯಿಂದ ಇನ್ನೊಂದಕ್ಕೆ, ಅದರಿಂದ ಮತ್ತೆ ಇದಕ್ಕೆ, ಕಾಫಿ ಆರಿಸುವವರ ಹಾಗೆ ಎತ್ತಿ ಎತ್ತಿ ಸುರಿಯುವುದು. ಅರ್ಧದಿಂದ ಮುಕ್ಕಾಲು ಗಂಟೆ. ಸುರಿಯುವ ಕೈ, ಹೇಳಬೇಕಾಗಿಯೇ ಇಲ್ಲ, ಯಜಮಾನಿಯದಲ್ಲ.

ಅಂಗಡಿಯಲ್ಲಿ ನಿಂತೇ ಲೆಕ್ಕ ಹಾಕಿದೆ. ಒಂದು ಲೀಟರಿನ ಜಗ್ಗು, ನಿಮಿಷಕ್ಕೆ ಹತ್ತು ಸಲ ಅಂತಿಟ್ಟುಕೊಂಡರೆ ಮುಕ್ಕಾಲು ಗಂಟೆಗೆ 450 ಲೀಟರ್. ನನ್ನ ಪಂಪ್ ಅಷ್ಟನ್ನು ಏಳು ನಿಮಿಷದೊಳಗೆ ತಳ್ಳಿ ಮುಗಿಸುತ್ತದೆ. ಆದರೆ ಅದಕ್ಕೆ ಕಿಟಕಿಯ ಕಡೆ ನೋಡಲು ಬರುವುದಿಲ್ಲ. ಕಲ್ಲಿದ್ದಲ ಹೊಗೆಯ ಲಂಡನ್ ಆಚೆಗಿದೆ, ಕೈಯಲ್ಲಿ ಟಾರ್ಕಿಯ ಕಡಲಿದೆ. ಆ ಹುಡುಗಿ ಏನು ಯೋಚಿಸುತ್ತಿದ್ದಳೋ!

ಹವಳಕ್ಕೆ ಕಾಲಿಲ್ಲ. ಊಟವೂ ಉಸಿರೂ ಅದರ ಬಾಗಿಲಿಗೇ ಬರಬೇಕು. ತರುವುದು ನೀರಿನ ಓಡಾಟ. ಗಾಳಿಯ ಆಮ್ಲಜನಕ ನೀರಿಗಿಳಿಯುವುದೂ ಮೇಲ್ಮೈಯಲ್ಲೇ ಆದ್ದರಿಂದ ನೀರು ಕದಡಿದಷ್ಟೂ ಒಳ್ಳೆಯದು. ಬೆಂಗಳೂರಿನ ಎರಡನೇ ಮಹಡಿಯಲ್ಲಿ ಸಮುದ್ರ ಕಟ್ಟಲು ಹೊರಟವನಿಗೆ ಮೊದಲು ಅರ್ಥವಾಗುವುದು ಇದೇ. ಉಪ್ಪು ದುಡ್ಡಿಗೆ ಸಿಗುತ್ತದೆ. ಅಲೆಯನ್ನು ಯಾರಾದರೂ ಹಾಕುತ್ತಲೇ ಇರಬೇಕು.

ಉಪ್ಪಿನ ಬಕೆಟ್ಟಿನ ಬೆಲೆ ಕೇಳಿದ ಅಮ್ಮ, “ಸಾಣಿಕಟ್ಟೆ ಉಪ್ಪು ಆಗೋದಿಲ್ಲವೇನೋ?” ಎಂದರು. ಮೆಗ್ನೀಷಿಯಂ, ಕ್ಯಾಲ್ಸಿಯಂ ಎಲ್ಲ ಸಮುದ್ರದ ಅಳತೆಯಲ್ಲೇ ಬೇಕು ಎಂದು ನಾನು ಪಾಠ ಶುರುಮಾಡಿದೆ. ನಿಜಕ್ಕಾದರೆ ಇತಿಹಾಸ ಸ್ವಲ್ಪ ಅಮ್ಮನ ಕಡೆಗೇ ಇದೆ. ಇಂಗ್ಲಿಷ್ ನಿಸರ್ಗತಜ್ಞ ಫಿಲಿಪ್ ಹೆನ್ರಿ ಗಾಸ್ 1854ರಲ್ಲಿ ಮನೆಯಲ್ಲೇ ಕಡಲನೀರು ಮಾಡುವ ಕ್ರಮ ಹೇಳಿದಾಗ ಅವನ ಪಟ್ಟಿಯ ಮೊದಲ ಸಾಮಗ್ರಿ ಅಡುಗೆ ಉಪ್ಪೇ. ಆಮೇಲೆ ಎಪ್ಸಮ್ ಸಾಲ್ಟು, ಮೆಗ್ನೀಷಿಯಂ ಮತ್ತು ಪೊಟ್ಯಾಸಿಯಂ ಕ್ಲೋರೈಡುಗಳು. ಮಲ್ಪೆಯ ಭಾವ ಕ್ಯಾನಿನಲ್ಲಿ ಅಸಲಿ ನೀರನ್ನೇ ಕಳಿಸುತ್ತೇನೆಂದರು. ಮಳೆಗಾಲದಲ್ಲಿ ನಮ್ಮ ಕರಾವಳಿಯ ನೀರು ಅರ್ಧ ಹೊಳೆ, ಅರ್ಧ ಕೆಸರು. ಬೇಡವೆಂದೆ. ಬಕೆಟ್ ಉಪ್ಪನ್ನೇ ಆರ್‌ಒ ನೀರಿಗೆ ಕಲಸಿ, ಲೀಟರಿಗೆ 35 ಗ್ರಾಮಿನ ಹದಕ್ಕೆ ತಂದು, ಬಂಡೆ ಜೋಡಿಸಿ, ಪಂಪ್ ಹಾಕಿ ಕೂತೆವು.

ಕೂತೇ ಇದ್ದೆವು. ಮೀನಿಗಿಂತ ಮೊದಲು ಬ್ಯಾಕ್ಟೀರಿಯಾ ಸಂಸಾರ ಹೂಡಬೇಕಲ್ಲ! ಅಮೋನಿಯಾವನ್ನು ನೈಟ್ರೈಟ್ ಮಾಡುವ ಒಂದು ಪಂಗಡ, ನೈಟ್ರೈಟನ್ನು ನೈಟ್ರೇಟ್ ಮಾಡುವ ಇನ್ನೊಂದು ಪಂಗಡ. ಎರಡೂ ಬೇರೂರಲು ವಾರಗಳೇ ಬೇಕು. ಮನೆಗೆ ಬಂದವರು ಬಗ್ಗಿ, ಕಣ್ಣು ಕಿರಿದು ಮಾಡಿ, “ಮೀನು ಎಲ್ಲಿ ಅಡಗಿದೆ?” ಎಂದು ಕೇಳುತ್ತಿದ್ದರು. ಬ್ಯಾಕ್ಟೀರಿಯಾ ಸಾಕಿದ್ದೇವೆ ಎಂದರೆ ಕಾಫಿ ಲೋಟವನ್ನೂ ಅನುಮಾನದಿಂದ ನೋಡುತ್ತಿದ್ದರು.

ಪುಸ್ತಕಗಳು ಅಕ್ವೇರಿಯಂ ಇತಿಹಾಸವನ್ನು ಗಂಡಸರಿಂದ ಶುರುಮಾಡುತ್ತವೆ. ಗಿಡ, ಮೀನು, ಬಸವನಹುಳುಗಳನ್ನು ಒಂದೇ ತೊಟ್ಟಿಯಲ್ಲಿ ತೂಗಿಸಿದ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್. 1853ರಲ್ಲಿ ಮೀನಿನ ಮನೆ ತೆರೆದ ಲಂಡನ್ ಮೃಗಾಲಯ. ಮರುವರ್ಷ ಪುಸ್ತಕ ಬರೆದು ಊರಿಗೆಲ್ಲ ಹುಚ್ಚು ಹಿಡಿಸಿದ ಗಾಸ್. ಇರಲಿ, ದೊಡ್ಡವರು. ಆನಾ ಥಿನ್ ಬರೆದದ್ದು ಅಚ್ಚಾದದ್ದು 1859ರಲ್ಲಿ, ಹವಳಗಳು ಮನೆಯಲ್ಲೇ ಹೇಗೆ ಸಂಖ್ಯೆಯಲ್ಲಿ ಹೆಚ್ಚಿದವು ಎಂಬ ಬಗ್ಗೆ. ಅಷ್ಟರಲ್ಲಿ ಹುಚ್ಚು ತಾರಕಕ್ಕೇರಿ, ಇಂಗ್ಲೆಂಡಿನ ಜನ ಜಾಡಿ, ಉಳಿ ಹಿಡಿದು ದಂಡೆಗಳ ಮೇಲೆ ಬಿದ್ದಿದ್ದರು. ತಂದೆಯ ಪುಸ್ತಕ ಹಚ್ಚಿದ ಆಸೆ ಬಂಡೆಯ ಹೊಂಡಗಳನ್ನು ಬರಿದು ಮಾಡಿದ್ದಕ್ಕೆ ಮಗ ಎಡ್ಮಂಡ್ ಗಾಸ್ 1907ರಲ್ಲಿ, ‘ಫಾದರ್ ಅಂಡ್ ಸನ್’ನಲ್ಲಿ ಮರುಗಿದ್ದಾನೆ.

ನಮ್ಮಲ್ಲಿ ಆ ಮರುಕ ಕಾನೂನಾಗಿಯೇ ಬಂತು. 2001ರಲ್ಲಿ ಕಲ್ಲುಹವಳಗಳೆಲ್ಲ ವನ್ಯಜೀವಿ ಕಾಯ್ದೆಯ ಒಂದನೇ ಶೆಡ್ಯೂಲಿಗೆ ಸೇರಿ ಹುಲಿಯ ಪಕ್ಕ ಕೂತವು. ನಮ್ಮ ಕರಾವಳಿಯ ನೇತ್ರಾಣಿ ದ್ವೀಪದ ಬಳಿ ಮುಳುಗಿ ಕಣ್ತುಂಬ ನೋಡಬಹುದು. ಸೂಜಿ ದಾರ ಒಯ್ಯುವಂತಿಲ್ಲ. ಹಾಗಾಗಿ ನನ್ನದು ಸದ್ಯಕ್ಕೆ ಹವಳವಿಲ್ಲದ ಹವಳದ ತೊಟ್ಟಿ. ಬಂಡೆಗಳ ನಡುವೆ ಇರುವವು ಮರಿಕೇಂದ್ರದಲ್ಲೇ ಹುಟ್ಟಿ ಬೆಳೆದ ಒಂದು ಜೊತೆ ಕ್ಲೌನ್ ಮೀನುಗಳು.

ಒಂದು ಸಂಜೆ ಗುಡುಗು ಮಳೆಗೆ ಕರೆಂಟ್ ಹೋಯಿತು. ಹೋದದ್ದು ಬರಲಿಲ್ಲ. ಪಂಪ್ ನಿಂತಿತು, ನೀರು ನಿಂತಿತು, ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯತೊಡಗಿದವು. ಬಚ್ಚಲಿನಿಂದ ಹೊಸ ಮಗ್ಗು ತಂದು ತೊಟ್ಟಿಯ ನೀರನ್ನೇ ಮೊಗೆದು ತೊಟ್ಟಿಗೇ ಸುರಿದೆ. ಮೊದಲು ಮೊಣಕೈ, ಆಮೇಲೆ ಭುಜ, ಕೊನೆಗೆ ಸೊಂಟ ಮಾತಾಡಿದವು. ಆನಾ ಥಿನ್ ಆ ಹುಡುಗಿಯ ಬಗ್ಗೆ ಬರೆದದ್ದು ನೆನಪಾಗಿ ಸಿಟ್ಟೂ ಬಂತು: ಕೆಲಸ ದಣಿಸುವಂಥದ್ದೇ, ಆದರೆ ಅವಳಿಗೆ ಅದೊಂದು ವಿನೋದವಾಗಿತ್ತಂತೆ! ಸುರಿಯದ ಕೈ ಬರೆದ ಮಾತು ಅಂದುಕೊಂಡೆ.

ಅಷ್ಟರಲ್ಲಿ ಮಗಳು ಮಗ್ಗು ಕಿತ್ತುಕೊಂಡಳು. “ಅಪ್ಪಾ, ನಿಂದು ನಲ್ಲಿ. ಜೋಗ ನೋಡು!” ಎಂದು ಕುರ್ಚಿ ಹತ್ತಿ ಧೋ ಎಂದು ಸುರಿದಳು. ಗೋಡೆ, ನೆಲ, ನನ್ನ ಕನ್ನಡಕ ಎಲ್ಲಕ್ಕೂ ಉಪ್ಪುನೀರು. ಮೀನುಗಳು ಕೆಳಗಿಳಿದವು. ಕರೆಂಟ್ ಬಂದಾಗ ಅವಳಿಗೆ ಬೇಜಾರು. ಬ್ಯಾಟರಿ ಪಂಪ್ ತರುವ ಮಾತೆತ್ತಿದರೆ ಅಳುವುದೊಂದು ಬಾಕಿ.

ಹಾಗಾದರೆ ಲಂಡನ್ನಿನ ಹುಡುಗಿಗೂ ವಿನೋದವಾಗಿದ್ದಿರಬಹುದು, ಒಪ್ಪಿದೆ. ಆದರೆ ಅದೇ ವಿನೋದವನ್ನು ನೆಪ ಮಾಡಿಕೊಂಡು ಯಜಮಾನಿ ಅವಳ ಸಂಬಳ ಏರಿಸದೆ ಉಳಿದಿರಲಿಕ್ಕಿಲ್ಲ ಎಂದು ಪ್ರಮಾಣ ಮಾಡಲಾರೆ. ನಾನಂತೂ ಮಗಳಿಗೆ ಈವರೆಗೆ ಬಿಡಿಗಾಸು ಕೊಟ್ಟಿಲ್ಲ.