ಐದನೆಯ ಸಮಿತಿ

ಪಾಠಶಾಲೆಗಳಲ್ಲಿ ಪಂಚ ಸಮಿತಿಗಳನ್ನು ಬೋಧಿಸುವಾಗ ಈರ್ಯಾ, ಭಾಷಾ, ಏಷಣಾ, ಆದಾನ-ನಿಕ್ಷೇಪಣ ಎಂಬ ಮೊದಲ ನಾಲ್ಕಕ್ಕೆ ದೊರೆಯುವ ವಿವರಣೆ ಐದನೆಯದಕ್ಕೆ ದೊರೆಯುವುದಿಲ್ಲ. ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ ನಡೆಯುವುದನ್ನು ಮಕ್ಕಳು ನಡೆದೇ ತೋರಿಸುತ್ತಾರೆ. ಹಿತಮಿತವಾದ ಮಾತಿಗೆ ದೃಷ್ಟಾಂತ ಕಥೆಗಳಿವೆ. ಐದನೆಯ ಸಮಿತಿಯ ಹೆಸರು ಬಂದೊಡನೆ ಮಕ್ಕಳು ಮುಖ ಮುಖ ನೋಡಿಕೊಂಡು ನಗುತ್ತಾರೆ. ಗುರುಗಳು ಪುಟ ತಿರುವುತ್ತಾರೆ. ಮೂಲಾಚಾರದಲ್ಲಿ ಪ್ರತಿಷ್ಠಾಪನಾ ಸಮಿತಿಯೆಂದೂ, ತತ್ತ್ವಾರ್ಥಸೂತ್ರದಲ್ಲಿ ಉತ್ಸರ್ಗವೆಂದೂ, ಶ್ವೇತಾಂಬರ ಆಗಮಗಳಲ್ಲಿ ಪಾರಿಷ್ಠಾಪನಿಕಾ ಎಂದೂ ಕರೆಯಲ್ಪಡುವ ಈ ಸಮಿತಿಯ ವಿಷಯವೆಂದರೆ, ಮಲಮೂತ್ರಾದಿಗಳನ್ನು ಎಲ್ಲಿ, ಯಾವ ರೀತಿಯಲ್ಲಿ ವಿಸರ್ಜಿಸಬೇಕು ಎಂಬುದು. ಮಹಾವ್ರತಗಳ ಸಾಲಿನಲ್ಲಿ ಇಷ್ಟು ಸಾಮಾನ್ಯವಾದ ವಿಷಯವನ್ನು ಆಚಾರ್ಯರು ಏಕೆ ಇಟ್ಟರೆಂಬ ಪ್ರಶ್ನೆ ಕೋಲಾರದ ಹಿರಿಯ ಪಾತ್ರೆ ವ್ಯಾಪಾರಿಯೊಬ್ಬರಿಗೆ ಎದುರಾದದ್ದು ಶಾಸ್ತ್ರಸಭೆಯಲ್ಲಲ್ಲ, ಅಂತರಗಂಗೆಯ ಬೆಟ್ಟದಲ್ಲಿ.

ಕೋಲಾರ ಪಟ್ಟಣದ ಪಕ್ಕದಲ್ಲಿಯೇ ಎದ್ದು ನಿಂತಿರುವ ಶತಶೃಂಗ ಪರ್ವತದ ಮೆಟ್ಟಿಲುಗಳನ್ನೇರಿದರೆ ಕಾಶಿ ವಿಶ್ವೇಶ್ವರನ ಗುಡಿ, ಅಲ್ಲಿ ಕಲ್ಲಿನ ಬಸವನ ಬಾಯಿಂದ ಇಳಿಯುವ ನೀರು. ನದಿಯೆಂಬುದು ವರ್ಷವಿಡೀ ಹರಿಯದ ಈ ಜಿಲ್ಲೆಯಲ್ಲಿ ಆ ನೀರಿಗೆ ಇರುವ ಗೌರವವನ್ನು ಹೊರಗಿನವರು ಊಹಿಸಲಾರರು. ಗುಡಿಯಿಂದ ಮೇಲಕ್ಕೆ ಹೆಬ್ಬಂಡೆಗಳ ರಾಶಿ, ಬಂಡೆಗಳ ನಡುವೆ ಗವಿಗಳು. ಬೆಂಗಳೂರಿಗೆ ಸುಮಾರು 70 ಕಿಲೋಮೀಟರು ದೂರದಲ್ಲಿರುವುದರಿಂದ ಕಳೆದ ಎರಡು ದಶಕಗಳಲ್ಲಿ ಈ ಬೆಟ್ಟ ಚಾರಣಿಗರಿಗೆ ಬಹಳ ಪ್ರಿಯವಾಯಿತು. ಶನಿವಾರ ರಾತ್ರಿ ವಾಹನಗಳಲ್ಲಿ ಬಂದು, ಬ್ಯಾಟರಿ ಬೆಳಕಿನಲ್ಲಿ ಹತ್ತಿ, ಸೂರ್ಯೋದಯ ನೋಡಿ ಇಳಿಯುವುದು ಒಂದು ಪದ್ಧತಿಯೇ ಆಯಿತು. ಮುಳಬಾಗಿಲು ತಾಲ್ಲೂಕಿನ ಆವಣಿ ಬೆಟ್ಟಕ್ಕೂ, ಮಾಲೂರು ಕಡೆಯ ಟೇಕಲ್ಲಿನ ಬಂಡೆಗಳಿಗೂ ಹೀಗೆಯೇ ಜನ ಬರುತ್ತಾರೆ. ಆವಣಿಗಾದರೆ ಚಾರಣಿಗರಿಗಿಂತ ಮೊದಲಿನಿಂದಲೂ ಯಾತ್ರಿಕರಿದ್ದಾರೆ, ಶಿವರಾತ್ರಿಯ ಜಾತ್ರೆಯೂ ಇದೆ.

ಆ ವರ್ತಕರು ತಮ್ಮ ಮೊಮ್ಮಗನೊಂದಿಗೆ ಒಂದು ಭಾನುವಾರ ಮುಂಜಾನೆ ಗುಡಿಯನ್ನು ದಾಟಿ ಮೇಲೆ ಹೋಗಿದ್ದರು. ಮಗು ಬೆಂಗಳೂರಿನ ಕಾಲೇಜಿನಲ್ಲಿ ಓದುವವನು. ಹಿಂದೆ ಎರಡು ಬಾರಿ ಗೆಳೆಯರೊಡನೆ ರಾತ್ರಿ ಹತ್ತಿದ್ದವನು. ವಿಶ್ರಾಂತಿಗೆಂದು ಒಂದು ಬಂಡೆಯ ನೆರಳಿಗೆ ಸರಿದಾಗ ಅಲ್ಲಿ ಕುಳಿತುಕೊಳ್ಳಲು ಸಾಧ್ಯವಾಗಲಿಲ್ಲ. ಬಂಡೆಯ ಹಿಂಬದಿಯೆಲ್ಲ ಮಲ, ಅದರ ಮೇಲೆ ಟಿಶ್ಯೂ ಕಾಗದ, ನೊಣ. ಪಕ್ಕದ ಬಂಡೆಯದೂ ಅದೇ ಸ್ಥಿತಿ. ಇಳಿಜಾರು ಎತ್ತ ಇದೆಯೆಂಬುದನ್ನು ಹಿರಿಯರು ಸುಮ್ಮನೆ ನಿಂತು ನೋಡಿದರು.

"ಇಷ್ಟೊಂದು ಜನ ಬಂದ್ರೆ ಏನು ಮಾಡೋಕಾಗುತ್ತೆ ತಾತ? ಮೇಲೆ ಎಲ್ಲೂ ಶೌಚಾಲಯ ಇಲ್ಲ" ಎಂದು ಹುಡುಗ ಹೇಳಿ, ಸ್ವಲ್ಪ ತಡೆದು, "ಮಹಾರಾಜರೂ ಬಯಲಿಗೇ ಹೋಗ್ತಾರಲ್ಲ?" ಎಂದು ಸೇರಿಸಿದನು.

ಕೊಂಕಿನಿಂದ ಕೇಳಿದ ಮಾತಲ್ಲ ಅದು. ದಿಗಂಬರ ಮುನಿಗಳು ಊರಿಂದೂರಿಗೆ ವಿಹಾರ ಮಾಡುವಾಗ ಅವರೊಡನೆ ನಡೆದವನು ಅವನು. ಕಮಂಡಲುವಿಗೆ ಕಾಯಿಸಿದ ನೀರು ತುಂಬಿಕೊಟ್ಟವನು. ಹಿರಿಯರು ಆಗ ಉತ್ತರಿಸಲಿಲ್ಲ. ಮನೆಗೆ ಬಂದು ಗ್ರಂಥ ತೆಗೆದರು.

ಮೂಲಾಚಾರದಲ್ಲಿ ವಟ್ಟಕೇರಾಚಾರ್ಯರು ವಿಧಿಸಿರುವ ಸ್ಥಳದ ಲಕ್ಷಣಗಳು ಸಂಕ್ಷಿಪ್ತವಾಗಿವೆ. ಆ ಸ್ಥಳ ಏಕಾಂತವಾಗಿರಬೇಕು, ಜೀವರಹಿತವಾಗಿರಬೇಕು, ಊರಿಗೆ ದೂರವಾಗಿರಬೇಕು, ಮರೆಯಾಗಿರಬೇಕು, ವಿಶಾಲವಾಗಿರಬೇಕು, ಮತ್ತು ಯಾರ ವಿರೋಧಕ್ಕೂ ಆಸ್ಪದವಿಲ್ಲದ್ದಾಗಿರಬೇಕು. ಶ್ವೇತಾಂಬರರ ಉತ್ತರಾಧ್ಯಯನದ 24ನೆಯ ಅಧ್ಯಯನದಲ್ಲಿಯೂ ಇದೇ ವಿಚಾರ ಇನ್ನಷ್ಟು ವಿವರವಾಗಿ ಬರುತ್ತದೆ: ನೆಲ ಸಮನಾಗಿರಬೇಕು, ಬಿಲಗಳಿರಬಾರದು, ಕ್ರಿಮಿಕೀಟಗಳೂ ಬೀಜಗಳೂ ಇರಬಾರದು. ಒದ್ದೆಯಾಗಿ ಉಳಿದ ಮಲದಲ್ಲಿ ಅಂತರ್ಮುಹೂರ್ತದೊಳಗೆ, ಅಂದರೆ 48 ನಿಮಿಷಗಳೊಳಗೆ, ಸಮ್ಮೂರ್ಛಿಮ ಜೀವಗಳು ಹುಟ್ಟುತ್ತವೆಂಬುದು ಆ ಪರಂಪರೆಯ ನಂಬಿಕೆಯಾದ್ದರಿಂದ ಬಿಸಿಲು ಬೀಳುವ, ಬೇಗ ಒಣಗುವ ನೆಲವನ್ನೇ ಸಾಧುಗಳು ಅರಸುತ್ತಾರೆ. ದಿಗಂಬರ ಮುನಿಗಳು ಪಿಂಛಿಯಿಂದ ನೆಲವನ್ನು ಮೃದುವಾಗಿ ಶೋಧಿಸಿದ ಮೇಲೆಯೇ ಕುಳಿತುಕೊಳ್ಳುತ್ತಾರೆ.

ಈ ಲಕ್ಷಣಗಳನ್ನು ಒಂದೊಂದಾಗಿ ಅಂತರಗಂಗೆಯ ಬಂಡೆಯ ಹಿಂಬದಿಗೆ ಹೊಂದಿಸಿ ನೋಡಿದರೆ ಮರೆ ಎಂಬ ಒಂದನ್ನು ಬಿಟ್ಟು ಬೇರಾವುದೂ ಹೊಂದುವುದಿಲ್ಲ. ಬಂಡೆಯ ಸಂದು ತಂಪಾದದ್ದು, ಬಿಸಿಲು ಕಾಣದ್ದು, ಹಲ್ಲಿ ಹಾವುಗಳಿಂದ ಹಿಡಿದು ಕಣ್ಣಿಗೆ ಕಾಣದ ಜೀವಗಳವರೆಗೆ ಎಲ್ಲಕ್ಕೂ ಮನೆ. ಅದರ ಕೆಳಗೆ ಜನ ಕುಡಿಯುವ ನೀರಿದೆ. ಮಳೆ ಬಂದರೆ ಬರಿಯ ಬಂಡೆ ಏನನ್ನೂ ಹೀರಿಕೊಳ್ಳುವುದಿಲ್ಲ. ಮೇಲಿನದೆಲ್ಲ ಕೆಳಗಿನ ಹಳ್ಳಕ್ಕೆ, ಹಳ್ಳದಿಂದ ಕೆರೆಗೆ ಇಳಿಯುತ್ತದೆ. ಕೋಲಾರ, ಶ್ರೀನಿವಾಸಪುರ ಸೀಮೆಯ ಗಟ್ಟಿ ಕಲ್ಲಿನಲ್ಲಿ ಕೊಳವೆಬಾವಿಗೆ ನೀರು ಬರುವುದೂ ಬಂಡೆಯ ಬಿರುಕುಗಳ ಮೂಲಕವೇ. ಮಣ್ಣಿನಂತೆ ಬಿರುಕು ಕೊಳೆಯನ್ನು ಸೋಸುವುದಿಲ್ಲ. ಮನುಷ್ಯನ ಮಲದಲ್ಲಿರುವ ಜಂತುಹುಳುವಿನ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರಬಲ್ಲದೆಂದು ವೈದ್ಯರು ಹೇಳುತ್ತಾರೆ. ಆದ್ದರಿಂದ "ಒಣಗಿ ಹೋಗುತ್ತದೆ" ಎಂಬ ಸಮಾಧಾನ ಇಲ್ಲಿ ಸಲ್ಲದು.

ಹುಡುಗನ ಪ್ರಶ್ನೆಗೆ ಇದು ಅರ್ಧ ಉತ್ತರ. ಉಳಿದರ್ಧ ಸಂಖ್ಯೆಗೆ ಸೇರಿದ್ದು. ಇಬ್ಬರು ಮುನಿಗಳು ಒಂದು ಊರಿನ ಹೊರವಲಯದಲ್ಲಿ ಆರಿಸಿಕೊಂಡ ನೆಲಕ್ಕೂ, ಒಂದೇ ರಾತ್ರಿ ನೂರಾರು ಜನ ಒಂದೇ ಬಂಡೆಯ ಹಿಂದೆ ಕುಳಿತ ನೆಲಕ್ಕೂ ಹೋಲಿಕೆಯೇ ಇಲ್ಲ. ಕೃತ್ಯ ಒಂದೇ ಆದರೂ ಹಿಂಸೆಯ ಪ್ರಮಾಣ ಬೇರೆ. 2024ರ ಜನವರಿಯ ಕೊನೆಯಲ್ಲಿ ಕುಮಾರಪರ್ವತದ ತಪ್ಪಲಿಗೆ ರಜೆಯ ದಿನಗಳಲ್ಲಿ ಜನಸಾಗರವೇ ಬಂದಾಗ ರಾಜ್ಯದ ಅರಣ್ಯ ಇಲಾಖೆ ಆನ್‌ಲೈನ್ ಮೂಲಕ ಮುಂಗಡ ಕಾಯ್ದಿರಿಸುವ ವ್ಯವಸ್ಥೆಯಿಲ್ಲದ ಚಾರಣಗಳನ್ನು ತಡೆಹಿಡಿಯಿತು. ಸಂಖ್ಯೆಗೆ ಮಿತಿ ಹಾಕದೆ ಬೆಟ್ಟವನ್ನು ಉಳಿಸಲಾಗದೆಂಬುದನ್ನು ಸರ್ಕಾರ ಒಪ್ಪಿಕೊಂಡದ್ದು ತಡವಾಗಿಯಾದರೂ ಸರಿಯೇ. ಪರಿಗ್ರಹ ಪರಿಮಾಣವೆಂಬ ಅಣುವ್ರತವನ್ನು ಬಲ್ಲ ಸಮಾಜಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಬೆಂಗಳೂರಿನ ಹುಡುಗರನ್ನು ಬೈದು ಸುಮ್ಮನಾಗುವುದು ಸುಲಭ. ಬೆಂಗಳೂರಿನ ಕೊಳಚೆಯನ್ನು ಎರಡನೆಯ ಹಂತದವರೆಗೆ ಶುದ್ಧೀಕರಿಸಿ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಕೋಲಾರದ ಕೆರೆಗಳಿಗೆ ಹರಿಸುತ್ತಿರುವುದರಿಂದ ಊರಿನವರಿಗೆ ಈ ಬೈಗುಳ ಇನ್ನೂ ಸುಲಭವಾಗಿದೆ. ಆ ವಾದ ನ್ಯಾಯಾಲಯದವರೆಗೂ ಹೋಗಿ ಬಂದಿತು. ಹಿರಿಯರಿಗೆ ಕಾಡಿದ್ದು ಬೇರೊಂದು ನೆನಪು. ಅವರ ಬಾಲ್ಯದ ಮನೆಯ ಹಿತ್ತಿಲಿನಲ್ಲಿ ಓಣಿಯ ಕಡೆಗೆ ತೆರೆಯುವ ಒಂದು ಸಣ್ಣ ಬಾಗಿಲಿತ್ತು. ಬೆಳಗಾಗುವ ಮೊದಲು ಆ ಬಾಗಿಲಿನಿಂದ ಒಬ್ಬ ತಾಯಿ ಬಂದು ಮನೆಯವರ ಮಲವನ್ನು ತಗಡಿನಿಂದ ಬಾಚಿ ಬುಟ್ಟಿಯಲ್ಲಿ ತಲೆಯ ಮೇಲೆ ಹೊತ್ತು ಹೋಗುತ್ತಿದ್ದಳು. ಸೂರ್ಯಾಸ್ತದ ನಂತರ ಊಟ ಮಾಡದ, ನೀರನ್ನು ಸೋಸದೆ ಕುಡಿಯದ ಮನೆ ಅದು. ಆಕೆಯ ಹೆಸರನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಹಬ್ಬದ ದಿನ ಕೊಡುವ ಕಾಸನ್ನು ಕೈಗೆ ತಾಗದಂತೆ ಮೇಲಿನಿಂದ ಬಿಡುತ್ತಿದ್ದರು.

1970ರ ದಶಕದ ಆರಂಭದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ರಾಜ್ಯದಲ್ಲಿ ನಿಷೇಧಿಸಿದರು. ನಿಷೇಧವಾದ ಮೇಲೂ ಇದೇ ಜಿಲ್ಲೆಯ ಚಿನ್ನದ ಗಣಿಯ ವಸತಿಗಳಲ್ಲಿ ಒಣ ಶೌಚಾಲಯಗಳು ಬಹುಕಾಲ ಉಳಿದವು. ಅಲ್ಲಿ ಆ ಕೆಲಸ ಮಾಡುತ್ತಿದ್ದ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ಅದರ ವಿರುದ್ಧ ಜೀವನವಿಡೀ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು ಕೇಂದ್ರ ಕಾನೂನು ಬಂದವು. ಮೂಲಾಚಾರದ ವಿಧಿಯನ್ನು ಮತ್ತೆ ಓದಿದಾಗ ಹಿರಿಯರ ಗಮನಕ್ಕೆ ಬಂದದ್ದು ಇದು: ಮುನಿಯ ಮಲವನ್ನು ಎತ್ತಲು ಇನ್ನೊಬ್ಬನು ಬೇಕಾಗದಂತೆ ಆ ಸಮಿತಿಯನ್ನು ರಚಿಸಲಾಗಿದೆ. ನೆಲವನ್ನು ಹುಡುಕುವವನೂ ಅವನೇ, ಶೋಧಿಸುವವನೂ ಅವನೇ. ಶ್ರಾವಕನ ಮನೆಯಲ್ಲಿ ಮಾತ್ರ ಆ ಖಾತೆಯನ್ನು ಇನ್ನೊಬ್ಬರ ಹೆಸರಿಗೆ ಬರೆಯಲಾಗಿತ್ತು.

ತೀರ್ಥಕ್ಷೇತ್ರಗಳ ವಿಷಯಕ್ಕೆ ಬಂದರೆ ಪಾಲಿತಾಣಾದ ಶತ್ರುಂಜಯದ ಮರ್ಯಾದೆ ಸ್ಮರಣೀಯವಾದದ್ದು. 3,500ಕ್ಕೂ ಹೆಚ್ಚು ಮೆಟ್ಟಿಲುಗಳ ಆ ಗಿರಿಯ ಮೇಲೆ ರಾತ್ರಿ ಯಾರೂ ತಂಗುವಂತಿಲ್ಲ, ಯಾತ್ರಿಕರು ಮೇಲೆ ಆಹಾರ ಸೇವಿಸುವುದಿಲ್ಲ, ಚಾತುರ್ಮಾಸದಲ್ಲಿ ಯಾತ್ರೆಯೇ ನಿಲ್ಲುತ್ತದೆ. ಆಶಾತನೆಯ ಭಯದಿಂದ ಹುಟ್ಟಿದ ಈ ಕಟ್ಟಳೆಗಳು ಮಲದ ಸಮಸ್ಯೆಯನ್ನೂ ಬಹುಮಟ್ಟಿಗೆ ತಡೆಯುತ್ತವೆ. ಉಣ್ಣದ, ಮಲಗದ ಜಾಗದಲ್ಲಿ ಅದರ ಹೊರೆ ತಾನಾಗಿಯೇ ಕಡಿಮೆ. ಇನ್ನು ಸಮ್ಮೇದ ಶಿಖರ. 2023ರ ಜನವರಿಯಲ್ಲಿ ದೇಶದಾದ್ಯಂತ ಜೈನ ಸಮಾಜ ಬೀದಿಗಿಳಿದ ನಂತರ ಪಾರಸನಾಥ ಬೆಟ್ಟದ ಪ್ರವಾಸೋದ್ಯಮ ಚಟುವಟಿಕೆಗಳನ್ನು ಕೇಂದ್ರ ಸರ್ಕಾರ ತಡೆಹಿಡಿಯಿತು. ಮದ್ಯ ಮಾಂಸಗಳು ಪವಿತ್ರ ಗಿರಿಗೆ ಬರಬಾರದೆಂಬ ಆ ಬೇಡಿಕೆ ನ್ಯಾಯವಾದದ್ದೇ. ಆದರೆ 27 ಕಿಲೋಮೀಟರುಗಳ ಆ ವಂದನೆಗೆ ನಸುಕಿಗಿಂತ ಮೊದಲೇ ಹೊರಡುವ ವೃದ್ಧರು, ಮಕ್ಕಳು, ಮಧುಮೇಹಿಗಳು ದಾರಿಯಲ್ಲಿ ಏನು ಮಾಡಬೇಕೆಂಬ ಪ್ರಶ್ನೆಯನ್ನು ಅಂದು ಯಾವ ಫಲಕದ ಮೇಲೂ ಬರೆಯಲಿಲ್ಲ. ಯಾತ್ರಿಕನ ದೇಹವೂ ಚಾರಣಿಗನ ದೇಹದಂತೆಯೇ. ಭಕ್ತಿಯಿಂದ ಹತ್ತಿದವನ ಮಲ ನೀರಿಗೆ ಸೇರಿದರೆ ಅದು ಪ್ರಕ್ಷಾಲನವಾಗುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಹತ್ತುವ ಮೊದಲು ತಪ್ಪಲಿನಲ್ಲಿಯೇ ಶೌಚ ಮುಗಿಸುವುದು ಉತ್ತಮ. ತಪ್ಪಲಿನಲ್ಲಿ ಅದಕ್ಕೆ ಸ್ಥಳ ಕಲ್ಪಿಸುವುದು ಕರೆಯುವವರ ಕರ್ತವ್ಯ. ಮಣ್ಣಿರುವ ಕಾಡುದಾರಿಯಲ್ಲಿ ನೀರಿನಿಂದಲೂ ಕಾಲುದಾರಿಯಿಂದಲೂ 200 ಅಡಿ ದೂರ ಸರಿದು, 6ರಿಂದ 8 ಅಂಗುಲ ಆಳದ ಗುಂಡಿ ತೆಗೆದು ಮುಚ್ಚಬೇಕೆಂಬುದು ಚಾರಣಿಗರು ಜಗತ್ತಿನಾದ್ಯಂತ ಒಪ್ಪಿರುವ ಕ್ರಮ. ಮಣ್ಣು ಅಗೆಯುವುದು ಪೃಥ್ವೀಕಾಯಿಕ ಜೀವಗಳ ಹಿಂಸೆಯಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಮುನಿಗಳಿಗೆ ಅದು ನಿಷಿದ್ಧವೇ. ಆದರೆ ಗೃಹಸ್ಥನ ಅಣುವ್ರತ ಸ್ಥಾವರ ಹಿಂಸೆಯನ್ನು ಪೂರ್ಣವಾಗಿ ಬಿಡಿಸುವುದಿಲ್ಲ, ತ್ರಸ ಹಿಂಸೆಯನ್ನು ಬಿಡಿಸುತ್ತದೆ. ತೆರೆದು ಬಿಟ್ಟ ಮಲದಲ್ಲಿ ಹುಟ್ಟಿ ಸಾಯುವ ನೊಣ ಹುಳುಗಳೂ, ರೋಗ ತಗಲುವ ಮಕ್ಕಳೂ ತ್ರಸರೇ. ನೋಡಿ ಅಗೆದ ಒಂದು ಗೇಣು ಮಣ್ಣು ಅಲ್ಪಹಿಂಸೆ ಎಂಬ ಹಿರಿಯರ ನಿರ್ಣಯ ತಪ್ಪಲ್ಲ. ಒದ್ದೆ ಒರೆಸುಬಟ್ಟೆಗಳನ್ನಂತೂ ಹೂಳಬಾರದು. ಹಲವು ಪ್ಲಾಸ್ಟಿಕ್ ನೂಲಿನವು, ಕರಗುವುದಿಲ್ಲ.

ಅಂತರಗಂಗೆಯಂತಹ ಬರಿಬಂಡೆಯ ಮೇಲೆ ಹೂಳುವ ಮಾತೇ ಇಲ್ಲ. ಅಲ್ಲಿ ಉಳಿಯುವ ದಾರಿ ಒಂದೇ, ಹೊತ್ತು ತರುವುದು. ಕೇಳಿದೊಡನೆ ಮುಖ ಸಿಂಡರಿಸುವಂತಹ ಮಾತು. ಆದರೆ ಹಿಮದಲ್ಲಿ ಏನೂ ಕೊಳೆಯದ ಎವರೆಸ್ಟಿನಲ್ಲಿ ಆರೋಹಿಗಳು ತಮ್ಮ ಮಲವನ್ನು ಚೀಲದಲ್ಲಿ ಕೆಳಗೆ ತರಬೇಕೆಂಬ ನಿಯಮವನ್ನು ನೇಪಾಳದ ಅಲ್ಲಿನ ಗ್ರಾಮೀಣ ಪಾಲಿಕೆ 2024ರಲ್ಲಿ ಪ್ರಕಟಿಸಿತು. ಲಕ್ಷಾಂತರ ರೂಪಾಯಿ ಸುರಿದು ಹೋಗುವವರು ಹೊರುತ್ತಾರೆಂದರೆ ಕೋಲಾರದ ಬೆಟ್ಟದಲ್ಲಿ ಹೊರಲಾಗದೇ?

ಟ್ರಸ್ಟುಗಳ ಪಾಲು ಇನ್ನೂ ಕಠಿಣ. ತಪ್ಪಲಿನಲ್ಲಿ ಶೌಚಾಲಯ ಕಟ್ಟಿಸಿ ದಾನಿಗಳ ಹೆಸರಿನ ಕಲ್ಲು ನೆಡುವವರೆಗೆ ಉತ್ಸಾಹವಿರುತ್ತದೆ. ಗುಂಡಿ ತುಂಬಿದ ದಿನ ಯಾರನ್ನು ಕರೆಸುತ್ತಾರೆಂಬುದು ಸಭೆಯ ನಡಾವಳಿಯಲ್ಲಿ ಬರುವುದಿಲ್ಲ. ಅವಳಿ ಗುಂಡಿಯ ವಿಧಾನದಲ್ಲಿ ಒಂದು ತುಂಬಿದಾಗ ಮುಚ್ಚಿ ಇನ್ನೊಂದನ್ನು ಬಳಸಿದರೆ, ಒಂದೂವರೆ ಎರಡು ವರ್ಷಗಳಲ್ಲಿ ಮೊದಲನೆಯದು ವಾಸನೆಯಿಲ್ಲದ ಗೊಬ್ಬರವಾಗುತ್ತದೆ. 2017ರ ಫೆಬ್ರವರಿಯಲ್ಲಿ ತೆಲಂಗಾಣದ ಗಂಗದೇವಿಪಲ್ಲಿಯಲ್ಲಿ ಕೇಂದ್ರ ಸರ್ಕಾರದ ಕಾರ್ಯದರ್ಶಿ ಪರಮೇಶ್ವರನ್ ಅಯ್ಯರ್ ಅವರು ತಾವೇ ಅಂತಹ ಗುಂಡಿಗಿಳಿದು ಗೊಬ್ಬರವನ್ನು ಹೊರತೆಗೆದು ತೋರಿಸಿದರು. ಕಾರ್ಯದರ್ಶಿಯೊಬ್ಬರು ಇಳಿದ ಗುಂಡಿಗೆ ಟ್ರಸ್ಟಿಗಳು ಇಳಿಯಬಾರದೆಂಬ ಆಗಮವೇನೂ ಇಲ್ಲ. ಸೆಪ್ಟಿಕ್ ಟ್ಯಾಂಕನ್ನೇ ಕಟ್ಟಿಸುವುದಾದರೆ ಯಂತ್ರದ ವಾಹನ ಬಂದು ನಿಲ್ಲುವ ದಾರಿಯನ್ನು ಮೊದಲು ನೋಡಬೇಕು, ಮನುಷ್ಯನನ್ನು ಇಳಿಸುವ ಪ್ರಸಂಗವೇ ಬರಬಾರದು.

ಎರಡು ತಿಂಗಳ ನಂತರ ಮೊಮ್ಮಗ ಗೆಳೆಯರೊಡನೆ ಮತ್ತೆ ಬೆಟ್ಟಕ್ಕೆ ಹೊರಟನು. ಹಿರಿಯರು ಅಂಗಡಿಯಿಂದ ಬಿಗಿ ಮುಚ್ಚಳದ ಸ್ಟೀಲ್ ಡಬ್ಬವೊಂದನ್ನು ತೆಗೆದು, ತಳದಲ್ಲಿ ಒಣ ಬೂದಿ ಹರಡಿ, ಹಳೆಯ ಪತ್ರಿಕೆಯ ಕಾಗದಗಳನ್ನು ಜೊತೆಗಿಟ್ಟು ಕೊಟ್ಟರು.

"ಇಳಿದ ಮೇಲೆ ಬಸ್ ನಿಲ್ದಾಣದ ಕಸದ ತೊಟ್ಟಿಗೆ ಹಾಕಬೇಡ ಮಗು. ಬೆಳಿಗ್ಗೆ ಅದಕ್ಕೆ ಕೈ ಹಾಕೋರು ಇನ್ನೊಬ್ಬರು. ಮನೆಗೆ ತಂದು ಶೌಚಾಲಯಕ್ಕೆ ಸುರಿದು ತೊಳೆದಿಡು."

"ಗೆಳೆಯರು ನಗ್ತಾರೆ ತಾತ" ಎಂದನು ಹುಡುಗ. ಆದರೂ ಚೀಲದ ತಳಕ್ಕೆ ತುರುಕಿಕೊಂಡನು. ಅವನು ಹೋದ ಮೇಲೆ ಹಿರಿಯರು ಅಂದಿನ ರೋಜು ಪುಸ್ತಕ ತೆಗೆದು ಡಬ್ಬದ ಬೆಲೆಯನ್ನು ತಮ್ಮ ಸ್ವಂತ ಖಾತೆಗೆ ಖರ್ಚು ಬರೆದರು.