ದೊಡ್ಡೋಳಾಗ್ಲಿ, ಆಮೇಲೆ ನೋಡೋಣ

ನಮ್ಮ ಕಡೆ ಹೆಣ್ಣುಮಕ್ಕಳ ಹಲ್ಲು ಮುಂದೆ ಬಂದಿದ್ರೆ ಎಲ್ಲರ ಬಾಯಲ್ಲೂ ಒಂದೇ ಮಾತು. "ಈಗ್ಲೇ ಯಾಕಮ್ಮ ಕ್ಲಿಪ್ಪು? ದೊಡ್ಡೋಳಾಗ್ಲಿ, ಆಮೇಲೆ ನೋಡೋಣ." ನನ್ನ ತಂಗಿ ಮಗಳಿಗೂ ಹಂಗೇ ಅಂದ್ರು. ಅವಳಿಗೆ ಈಗ ಹನ್ನೊಂದೂವರೆ. ಮೇಲಿನ ಹಲ್ಲು ಮುಂದೆ, ಗದ್ದ ಹಿಂದೆ. ಸ್ಕೂಲಲ್ಲಿ ಇಟ್ಟಿರೋ ಅಡ್ಡಹೆಸರು ಇಲ್ಲಿ ಬರೆಯಲ್ಲ. ನಗೋವಾಗ ಬಾಯಿಗೆ ಕೈ ಅಡ್ಡ ಇಟ್ಕೊಂತಾಳೆ, ಅಷ್ಟು ಹೇಳಿದ್ರೆ ಸಾಕು. ಬಂಗಾರಪೇಟೇಲಿ ಮಾರಿಕುಪ್ಪಂ ರೈಲು ಹತ್ತಿಸಿ ಕೆಜಿಎಫ್ ಡೆಂಟಲ್ ಕಾಲೇಜಿಗೆ ನಾನೇ ಕರ್ಕೊಂಡು ಹೋದೆ.

ಮುಖದ ಪಕ್ಕದಿಂದ ಒಂದು ಎಕ್ಸ್‌ರೇ ತೆಗೆದ್ರು. ಡಾಕ್ಟರಮ್ಮ ಅದನ್ನ ಕಂಪ್ಯೂಟರಲ್ಲಿ ತೆರೆದು, ಮೂಗಿನ ಬುಡ, ಮೇಲ್ದವಡೆ, ಕೆಳದವಡೆ ಅಂತ ರಂಗೋಲಿಗೆ ಇಟ್ಟಂಗೆ ಚುಕ್ಕಿ ಇಡ್ತಾ ಹೋದ್ರು. ಮೂಗಿನ ಬುಡದಿಂದ ಎರಡು ದವಡೆಗೂ ಗೆರೆ ಎಳೆದ್ರೆ, ಆ ಗೆರೆಗಳ ನಡುವಿನ ಕೋನ ಸುಮಾರು 2 ಡಿಗ್ರಿ ಇದ್ರೆ ಸರಿಯಂತೆ. 4 ದಾಟಿದ್ರೆ ಎರಡನೇ ಕ್ಲಾಸು, ಅಂದ್ರೆ ಕೆಳದವಡೆ ಹಿಂದೆ. ಸೊನ್ನೆಗಿಂತ ಕೆಳಗೋದ್ರೆ ಮೂರನೇದು, ಕೆಳದವಡೆ ಮುಂದೆ. ನಮ್ಮ ಹುಡುಗಿದು 7.

ಈ ಕ್ಲಾಸುಗಳನ್ನ ಮೊದಲು ಮಾಡಿದ್ದು ಅಮೆರಿಕದ ಎಡ್ವರ್ಡ್ ಆಂಗಲ್ ಅನ್ನೋ ಡಾಕ್ಟರು, 1899ರಲ್ಲಿ. ಅವರು ನೋಡಿದ್ದು ಆರು ವರ್ಷಕ್ಕೆ ಬರೋ ದವಡೆ ಹಲ್ಲು ಮೇಲೆ ಕೆಳಗೆ ಹೆಂಗೆ ಕೂತೈತೆ ಅನ್ನೋದೊಂದೇ. ಕೋಲಾರದ ಮಂಡೀಲಿ ಟೊಮೇಟೊ ವಿಂಗಡಿಸೋರು ಬರೀ ಬಣ್ಣ ನೋಡಿ ಕ್ರೇಟಿಗೆ ಹಾಕ್ತಾರಾ? ದಪ್ಪ, ಗಟ್ಟಿ, ಕಲೆ ಎಲ್ಲಾ ಒಟ್ಟಿಗೆ ನೋಡ್ತಾರೆ. ಈಗ ಕಂಪ್ಯೂಟರಿಂದಲೂ ಅದೇ ಕೆಲಸ ಮಾಡಿಸ್ತಾರೆ. ನೂರಾರು ಜನರ ಕೋನ, ಉದ್ದ ಎಲ್ಲಾ ಕೊಟ್ಟು, ಒಬ್ಬರಿಗೊಬ್ಬರು ಹತ್ತಿರ ಇರೋರನ್ನ ಗುಂಪು ಮಾಡು ಅಂದ್ರೆ, ಎರಡನೇ ಕ್ಲಾಸೊಳಗೇ ಬೇರೆ ಬೇರೆ ಥರ ಕಾಣುತ್ತಂತೆ. ಕೆಲವರಿಗೆ ಮೇಲ್ದವಡೆ ಮುಂದೆ, ಕೆಲವರಿಗೆ ಕೆಳದವಡೇನೇ ಚಿಕ್ಕದು. ಹೊರಗಿಂದ ನೋಡಿದ್ರೆ ಎರಡೂ "ಹಲ್ಲುಬ್ಬು" ಅಷ್ಟೆ. ಔಷಧಿ ಮಾತ್ರ ಬೇರೆ ಬೇರೆ.

ನನಗೆ ಒಂದು ಅನುಮಾನ ಬಂತು. ಆ 2 ಡಿಗ್ರಿ ಯಾರ ಮುಖ ಅಳೆದು ಮಾಡಿದ ಲೆಕ್ಕ? ಕೇಳೇಬಿಟ್ಟೆ. 1953ರಲ್ಲಿ ಸ್ಟೈನರ್ ಅನ್ನೋರು ಅಮೆರಿಕದಲ್ಲಿ ಕೊಟ್ಟ ಲೆಕ್ಕವಂತೆ, ಬಿಳಿ ಜನರದು. ನಮ್ಮೋರ ಹಲ್ಲು ತುಟಿ ಹುಟ್ಟಿಂದಲೇ ಸ್ವಲ್ಪ ಮುಂದೆ ಇರ್ತವೆ, ಅದಕ್ಕೇ ನಂಬರ್ ಒಂದನ್ನೇ ನಂಬಲ್ಲ, ಮುಖಾನೂ ನೋಡ್ತೀವಿ ಅಂದ್ರು ಡಾಕ್ಟರಮ್ಮ. ಈ ಮಾತು ನನಗೆ ಹಿಡಿಸ್ತು. ಕಂಪ್ಯೂಟರಿಗಾದ್ರೂ ಯಾರ ಮುಖ ತೋರಿಸ್ತೀವೋ ಅದೇ ತಾನೇ ಗೊತ್ತಿರೋದು!

ಆಮೇಲೆ ಅದೇ ಎಕ್ಸ್‌ರೇಲಿ ಕತ್ತಿನ ಮೂಳೆ ತೋರಿಸಿದ್ರು. ಆ ಮೂಳೆಗಳ ಆಕಾರ ನೋಡಿ ಮಗು ಇನ್ನೆಷ್ಟು ಬೆಳೀತದೆ ಅಂತ ಅಂದಾಜು ಹೇಳ್ತಾರಂತೆ. ಹೆಣ್ಣುಮಕ್ಕಳು ಜೋರಾಗಿ ಬೆಳೆಯೋದು ದೊಡ್ಡೋರಾಗೋಕೆ ಮುಂಚೆ. ಹಿಂದುಳಿದ ಕೆಳದವಡೇನ ಮುಂದಕ್ಕೆ ತರೋ ಪ್ಲೇಟು ಕೆಲಸ ಮಾಡೋದು ಆ ಬೆಳವಣಿಗೆ ಜೊತೇಲೇ. ನಾವು "ಆಮೇಲೆ" ಅಂತ ಕಾದ್ರೆ ಆ ಹೊತ್ತು ದಾಟೋಗುತ್ತೆ. ಆಮೇಲೆ ಹಲ್ಲು ಸರಿಸಬಹುದು, ದವಡೆ ಸರಿಸೋಕೆ ಆಪರೇಷನ್ನೇ ಗತಿ. ಮೂರನೇ ಕ್ಲಾಸಲ್ಲಿ ಮೇಲ್ದವಡೆ ಹಿಂದುಳಿದಿದ್ರೆ ಇನ್ನೂ ಮುಂಚೆ, ಏಳೆಂಟು ವರ್ಷಕ್ಕೇ ತೋರಿಸಬೇಕಂತೆ. ಬರೀ ಹಲ್ಲು ವಂಕಿದ್ರೆ ಅವಸರ ಇಲ್ಲ, ದೊಡ್ಡೋರಾದ್ಮೇಲೂ ಕ್ಲಿಪ್ಪು ಹಾಕಿಸಬಹುದು. ಯಾವುದು ಅಂತ ನಾವು ಜಗಲಿ ಮೇಲೆ ಕೂತು ಹೇಳೋಕಾಗಲ್ಲ, ಅತ್ತಿಗೆ. ಹತ್ತು ವರ್ಷದೊಳಗೆ ಒಂದ್ಸಲ ತೋರಿಸಿಬಿಡಿ.

ನಮ್ಮ ಹುಡುಗಿಗೆ ಇನ್ನೂ ಟೈಮ್ ಐತೆ ಅಂದ್ರು. ಮೇಲೊಂದು ಕೆಳಗೊಂದು ಪ್ಲೇಟು ಕೊಟ್ಟವ್ರೆ, ಬಾಯಿ ಮುಚ್ಚಿದ್ರೆ ಕೆಳದವಡೆ ತಾನಾಗೇ ಮುಂದಕ್ಕೆ ಬರುತ್ತೆ. ಮೊದಲ ವಾರ ಮಾತು ತೊದಲ್ತಿತ್ತು, ಈಗ ಪರವಾಗಿಲ್ಲ. ಊಟಕ್ಕೂ ತೆಗೀಬೇಡ ಅಂದವ್ರೆ. ಮುದ್ದೆ ಹೆಂಗೋ ನುಂಗ್ತಾಳೆ. ಪಾನಿಪುರಿ ತಿನ್ನೋಕಾಗ್ತಿಲ್ಲ ಅಂತ ಮುಖ ಊದಿಸ್ಕೊಂಡವ್ಳೆ.