ಪೆಟ್ಟಿಗೆಯ ಕೌದಿ

ಹೊಸಕೋಟೆಯ ಬಳಿಯ ಪಿಲ್ಲಗುಂಪೆಯಲ್ಲಿ ಒಂದು ಮನೆ. ಅತ್ತೆಯವರು ತೀರಿಕೊಂಡ ಮೇಲೆ, ಅವರು ಹಳೆಯ ಸೀರೆಗಳನ್ನು ಪದರಪದರವಾಗಿ ಕೂಡಿಸಿ ಹೊಲಿದಿದ್ದ ಕೌದಿಯು ಸವೆಯಬಾರದೆಂದು ಸೊಸೆಯು ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಎರಡು ಮಳೆಗಾಲ ಕಳೆದು ತೆರೆದಾಗ ಮುಗ್ಗಲು ವಾಸನೆಯು ಮುಖಕ್ಕೆ ಬಡಿಯಿತು.

“ಅತ್ತರು ಚಿಮುಕಿಸೋಣವೇನಮ್ಮಾ?” ಎಂದಳು ಮಗಳು.

“ಬೇಡ ಮಗು. ಅದು ವಾಸನೆಯನ್ನು ಮುಚ್ಚೀತೇ ಹೊರತು ಕಳೆಯಲಾರದು.”

ತೇವದಲ್ಲಿ ಬೆಳೆದ ಬೂಷ್ಟೇ ಆ ವಾಸನೆಯ ಮೂಲವಷ್ಟೆ. ಆದುದರಿಂದ ಆಕೆಯು ಮೊದಲು ಅಂಗಳದಲ್ಲಿ ಬೂಷ್ಟನ್ನು ಮೆಲ್ಲನೆ ಒರೆಸಿ, ಎರಡು ದಿನ ಎಳೆಬಿಸಿಲಿಗೂ ಗಾಳಿಗೂ ಕೌದಿಯನ್ನು ಒಡ್ಡಿದಳು. ಒದ್ದೆಯಾದ ಬಿಳಿಯ ಬಟ್ಟೆಯನ್ನು ಒಂದೊಂದು ತುಂಡಿಗೂ ಒತ್ತಿ, ಬಣ್ಣ ಬಿಡದೆಂದು ತಿಳಿದ ಬಳಿಕ, ಅಂಟುವಾಳದ ತಣ್ಣನೆಯ ತಿಳಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದಳು. ಕಲ್ಲಿಗೆ ಬಡಿಯಲಿಲ್ಲ, ಹಿಂಡಲಿಲ್ಲ. ಅಂಗೈಯಿಂದ ಒತ್ತೊತ್ತಿ ತೊಳೆದಳು. ನೀರು ಕುಡಿದ ಕೌದಿಯನ್ನು ಹಗ್ಗಕ್ಕೆ ಹಾಕಿದರೆ ಭಾರಕ್ಕೆ ಹೊಲಿಗೆಯು ಹರಿದೀತೆಂದು, ಕೆಳಗಿನಿಂದಲೂ ಗಾಳಿಯಾಡುವ ಹುರಿಮಂಚದ ಮೇಲೆ ಹರಡಿ ಪೂರ್ತಿಯಾಗಿ ಒಣಗಿಸಿದಳು.

ಮುಗ್ಗಲು ಹೋಯಿತು. ಅತ್ತೆಯವರ ಎಲೆಯಡಕೆಯ ಕಂಪಿಗಾಗಿ ಆಕೆಯು ಕೌದಿಯಲ್ಲಿ ಮುಖವಿಟ್ಟು ಅರಸಿದಳು, ಅದೂ ಹೋಗಿದ್ದಿತು. ಕ್ಷಣಕಾಲ ಸುಮ್ಮನೆ ನಿಂತಿದ್ದಳು. ಬಳಸಿದರೆ ಕೌದಿಯು ಸವೆಯುವುದು ನಿಜ. ಮುಚ್ಚಿಟ್ಟರೆ ಮುಗ್ಗುವುದೂ ಅಷ್ಟೇ ನಿಜ. ಅಂದು ರಾತ್ರಿ ಮಗಳಿಗೆ ಅದನ್ನೇ ಹೊದಿಸಿದಳು. ಅಜ್ಜಿಯ ಸೊಟ್ಟ ಹೊಲಿಗೆಗಳನ್ನು ಬೆರಳಿನಿಂದ ಎಣಿಸುತ್ತಲೇ ಮಗುವು ನಿದ್ದೆಹೋಯಿತು.